ಕಂಪಿಸುವ ಕನ್ನಡಿಗೆ ಬೆಳಕು ತಾಗಿದಾಗ: ಕ್ವಾಂಟಂ ಆಪ್ಟೊಮೆಕ್ಯಾನಿಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಕು ಮತ್ತು ಕಂಪಿಸುವ ವಸ್ತು ಒಂದನ್ನೊಂದು ಹೇಗೆ ಅಲುಗಿಸುತ್ತವೆ ಎಂಬುದನ್ನು ಕ್ವಾಂಟಂ ಮಟ್ಟದಲ್ಲಿ ನೋಡುವುದೇ ಕ್ವಾಂಟಂ ಆಪ್ಟೊಮೆಕ್ಯಾನಿಕ್ಸ್. ಅದರ ಬಗ್ಗೆ ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲಿನವು ಪಿಯು ಓದಿದವರಿಗೆ ಸಾಕು. ಕೊನೆಯವಕ್ಕೆ ಎಂಎಸ್‌ಸಿ ಮಟ್ಟದ ಕ್ವಾಂಟಂ ಮೆಕ್ಯಾನಿಕ್ಸ್ ಬೇಕು.

## ಮೊದಲ ಮೆಟ್ಟಿಲು

ಸಾರ್, ಬೆಳಕು ಕನ್ನಡಿಯನ್ನ ತಳ್ಳುತ್ತೆ ಅಂತಾರಲ್ಲ, ನಿಜವಾಗ್ಲೂ ತಳ್ಳುತ್ತಾ?

ತಳ್ಳುತ್ತದೆ. ಕನ್ನಡಿಗೆ ನೇರವಾಗಿ ಬಡಿದು ವಾಪಸಾಗುವ 1 ವ್ಯಾಟ್ ಬೆಳಕಿನ ಬಲ ಸುಮಾರು 6.7 ನ್ಯಾನೊನ್ಯೂಟನ್. ಒಂದು ಮಿಲಿಗ್ರಾಂನ ಸಾವಿರದಲ್ಲೊಂದು ಪಾಲಿನ ತೂಕಕ್ಕೂ ಅದು ಕಡಿಮೆ. ಹಾಗಾಗಿ ಎರಡು ಉಪಾಯ ಮಾಡುತ್ತಾರೆ. ಒಂದು, ಎದುರುಬದುರು ಎರಡು ಕನ್ನಡಿ ಇಟ್ಟು ಅದೇ ಬೆಳಕು ಸಾವಿರಾರು ಸಲ ಹೋಗಿಬಂದು ತಳ್ಳುವಂತೆ ಮಾಡುವುದು, ಇದೇ ಕ್ಯಾವಿಟಿ. ಇನ್ನೊಂದು, ತಳ್ಳಿಸಿಕೊಳ್ಳುವ ವಸ್ತುವನ್ನೇ ಪಿಕೊಗ್ರಾಂ ತೂಕಕ್ಕೆ ಇಳಿಸುವುದು. ಆದರೆ ವಸ್ತು ಹಗುರವಾಗಿರಲೇಬೇಕೆಂದೇನೂ ಇಲ್ಲ. ಗುರುತ್ವ ಅಲೆಗಳನ್ನು 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಹಿಡಿದ ಲೈಗೋದ ಕನ್ನಡಿಗಳು ತಲಾ 40 ಕಿಲೋಗ್ರಾಂ. ಬೆಳಕಿನ ಒತ್ತಡದ ಲೆಕ್ಕ ಅಲ್ಲೂ ತಪ್ಪಲಿಲ್ಲ.

ರಾಮನ್ ಪರಿಣಾಮ ಓದಿದ್ದೀವಿ. ಇದೂ ಅದೇನಾ?

ಒಂದೇ ಮನೆತನದ್ದು. 1928ರ ಫೆಬ್ರುವರಿ 28ರಂದು ಸಿ.ವಿ. ರಾಮನ್ ಕಂಡದ್ದು ಅಣುಗಳ ಕಂಪನಕ್ಕೆ ತಾಗಿ ಬಣ್ಣ ಬದಲಿಸಿಕೊಂಡು ಚದುರುವ ಬೆಳಕನ್ನು. ಅಣುವಿನ ಬದಲು ಘನವಸ್ತುವಿನೊಳಗೆ ಓಡುವ ಶಬ್ದದ ಅಲೆಗೆ ತಾಗಿ ಚದುರಿದರೆ ಅದು ಬ್ರಿಲ್ವಾಂ ಚದುರುವಿಕೆ. ಸಾಮಾನ್ಯ ಗಾಜಿನ ಫೈಬರಿನಲ್ಲಿ 1550 ನ್ಯಾನೊಮೀಟರ್ ಬೆಳಕಿಗೆ ಈ ಬದಲಾವಣೆ ಸುಮಾರು 11 ಗಿಗಾಹರ್ಟ್ಸ್. ಆಪ್ಟೊಮೆಕ್ಯಾನಿಕ್ಸ್‌ನಲ್ಲಿ ಕಂಪಿಸುವುದು ನಾವೇ ಕೆತ್ತಿ ಮಾಡಿದ ತೊಲೆ, ಪೊರೆ ಅಥವಾ ತಮಟೆಯಂಥ ತಗಡು.

ಮೂರರಲ್ಲೂ ಲೆಕ್ಕ ಒಂದೇ. ಫೋಟಾನ್ ಒಂದು ಫೋನಾನನ್ನು, ಅಂದರೆ ಕಂಪನದ ಒಂದು ಕಂತನ್ನು, ಕೊಟ್ಟು ಹೋದರೆ ಅದರ ಆವೃತ್ತಿ ಇಳಿಯುತ್ತದೆ (ಸ್ಟೋಕ್ಸ್). ಕಿತ್ತುಕೊಂಡು ಹೋದರೆ ಏರುತ್ತದೆ (ಆಂಟಿ-ಸ್ಟೋಕ್ಸ್). ವಸ್ತುವಿನಲ್ಲಿ ಸರಾಸರಿ ಎನ್ ಫೋನಾನ್ ಇದ್ದರೆ ಕೊಡುವ ದರ ಎನ್+1ಕ್ಕೆ, ಕೀಳುವ ದರ ಎನ್‌ಗೆ ಅನುಪಾತ. ಆ ಒಂದರ ವ್ಯತ್ಯಾಸದಲ್ಲೇ ಕ್ವಾಂಟಂ ಕೂತಿದೆ. ವಸ್ತು ಪೂರ್ತಿ ತಣಿದಾಗ ಅದರಿಂದ ಕೀಳಲು ಏನೂ ಉಳಿದಿರುವುದಿಲ್ಲ, ಕೊಡಲು ಮಾತ್ರ ಜಾಗ ಇರುತ್ತದೆ.

ಅರೇಖೀಯ ಅಂದ್ರೆ ಇಲ್ಲಿ ಯಾವುದು ಅರೇಖೀಯ? ಪುಸ್ತಕದಲ್ಲಿ ಸಮೀಕರಣಗಳೆಲ್ಲ ರೇಖೀಯವಾಗೇ ಇದಾವೆ.

ಬಹಳ ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಬೇರು ಇಲ್ಲಿದೆ. ಕನ್ನಡಿ ಸರಿದರೆ ಕ್ಯಾವಿಟಿಯ ಆವೃತ್ತಿ ಸರಿಯುತ್ತದೆ. ಆದ್ದರಿಂದ ಬೆಳಕು ಮತ್ತು ಕಂಪನದ ನಡುವಿನ ಶಕ್ತಿ "ಫೋಟಾನ್ ಸಂಖ್ಯೆ ಗುಣಿಸು ಸ್ಥಾನ" ಎಂಬ ರೂಪದಲ್ಲಿರುತ್ತದೆ. ಫೋಟಾನ್ ಸಂಖ್ಯೆ ಎಂದರೆ ಬೆಳಕಿನ ಕ್ಷೇತ್ರದ ವರ್ಗ. ವರ್ಗವನ್ನು ಸ್ಥಾನದಿಂದ ಗುಣಿಸಿದರೆ ಮೂರನೇ ಘಾತ. ಅಂದಮೇಲೆ ಪರಸ್ಪರ ಕ್ರಿಯೆ ಹುಟ್ಟಿನಿಂದಲೇ ಅರೇಖೀಯ.

ಪುಸ್ತಕದಲ್ಲಿ ಅದು ಮಾಯವಾಗುವುದು ಜೋರು ಲೇಸರ್ ಹಾಕಿದ್ದರಿಂದ. ಕ್ಷೇತ್ರವನ್ನು "ದೊಡ್ಡ ಸರಾಸರಿ ಮತ್ತು ಸಣ್ಣ ಅಲುಗಾಟ" ಎಂದು ಒಡೆದು, ಅಲುಗಾಟದ ವರ್ಗವನ್ನು ಕೈಬಿಟ್ಟರೆ ರೇಖೀಯ ಸಮೀಕರಣ ಉಳಿಯುತ್ತದೆ. ಒಂದು ಫೋಟಾನಿನ ಬಲ ಜಿ-ಸೊನ್ನೆ ಆಗಿದ್ದರೆ, ಈಗ ಜೋಡಣೆಯ ಬಲ ಜಿ-ಸೊನ್ನೆಯನ್ನು ಫೋಟಾನ್ ಸಂಖ್ಯೆಯ ವರ್ಗಮೂಲದಿಂದ ಗುಣಿಸಿದಷ್ಟು. ಬಲ ಸಿಕ್ಕಿತು, ಆದರೆ ಅರೇಖೀಯ ಗುಣ ಹಿಂದೆ ಸರಿಯಿತು. ಹಾಗಾಗಿ ನಿಮ್ಮ ಅಳತೆಯಲ್ಲಿ ಅರೇಖೀಯ ಗುರುತು ಕಂಡರೆ ಮೊದಲು ಕೇಳಬೇಕಾದ್ದು ಒಂದೇ: ಇದು ಹುಟ್ಟಿದ್ದು ಎಲ್ಲಿ? ಡಿಟೆಕ್ಟರಿನಲ್ಲೋ, ಬೆಳಕನ್ನು ಎರಡು ದಾರಿಗೆ ಒಡೆದು ಮತ್ತೆ ಕೂಡಿಸುವ ಇಂಟರ್‌ಫೆರೊಮೀಟರಿನ ವಕ್ರತೆಯಲ್ಲೋ, ಬಿಸಿಯಲ್ಲೋ, ಅಥವಾ ನಿಜವಾಗಿ ಒಂದೊಂದೇ ಫೋಟಾನಿನ ಬಲದಲ್ಲೋ? ಮುಂದಿನ ಉತ್ತರಗಳಲ್ಲಿ ಬಹುಪಾಲು ಇದನ್ನು ಬೇರ್ಪಡಿಸುವ ದಾರಿಗಳೇ.

## ಕಾಲೇಜು ಲ್ಯಾಬಿನಲ್ಲಿ

ನಮ್ಮ ಡಿಗ್ರಿ ಕಾಲೇಜಿನಲ್ಲಿ ಇದರ ಒಂದು ತುಣುಕಾದರೂ ಮಾಡಿ ತೋರಿಸಬಹುದಾ?

ಕ್ವಾಂಟಂ ಭಾಗವನ್ನು ಆಗುವುದಿಲ್ಲ. ಎರಡನೇ ಸೈಡ್‌ಬ್ಯಾಂಡ್, ಅಂದರೆ ಕಂಪನದ ಎರಡರಷ್ಟು ಆವೃತ್ತಿಯ ಗೆರೆ, ಹೇಗೆ ಹುಟ್ಟುತ್ತದೆ ಎಂಬುದನ್ನು ಮೈಕೆಲ್ಸನ್ ಇಂಟರ್‌ಫೆರೊಮೀಟರಿನಲ್ಲಿ ಚೆನ್ನಾಗಿ ತೋರಿಸಬಹುದು, ಮತ್ತು ತೋರಿಸಲೇಬೇಕು.

ಬೇಕಾದದ್ದು: 632.8 ನ್ಯಾನೊಮೀಟರಿನ 2ರಿಂದ 5 ಮಿಲಿವ್ಯಾಟ್ ಹೀಲಿಯಂ-ನಿಯಾನ್ ಲೇಸರ್, 50:50 ಬೀಮ್‌ಸ್ಪ್ಲಿಟರ್, ಮುಂಬದಿ ಲೇಪನದ ಎರಡು ಕನ್ನಡಿ, 27 ಮಿಲಿಮೀಟರಿನ ಪಿಯೆಜೊ ಬಜರ್ ಬಿಲ್ಲೆ, ಬಿಪಿಡಬ್ಲ್ಯೂ 34 ಫೋಟೊಡಯೋಡ್, 9 ವೋಲ್ಟ್ ಬ್ಯಾಟರಿ, 10 ಕಿಲೋಓಮ್ ರೆಸಿಸ್ಟರ್, ಎಫ್‌ಎಫ್‌ಟಿ (ಸಿಗ್ನಲನ್ನು ಆವೃತ್ತಿಗಳಾಗಿ ಬಿಡಿಸಿ ತೋರಿಸುವ ಸೌಲಭ್ಯ) ಇರುವ ಆಸಿಲೊಸ್ಕೋಪ್, ಸಿಗ್ನಲ್ ಜನರೇಟರ್. ತಳಕ್ಕೆ ಎರಡು ಅಡಿ ಚದರದ ಗ್ರಾನೈಟ್ ಚಪ್ಪಡಿ, ಅದರ ಕೆಳಗೆ ಅರೆಗಾಳಿ ತುಂಬಿದ ಸ್ಕೂಟರ್ ಟ್ಯೂಬ್. ನಮ್ಮ ಕಡೆ ಚಪ್ಪಡಿಗೇನೂ ಬರವಿಲ್ಲ.

ಒಂದು ಕನ್ನಡಿಯ ಬದಲು ಪಿಯೆಜೊ ಬಿಲ್ಲೆಯ ನಡುವೆ 5 ಮಿಲಿಮೀಟರಿನ ಕನ್ನಡಿ ಚೂರನ್ನು ಒಂದೇ ಹನಿ ಅಂಟಿನಿಂದ ಕೂರಿಸಿ. ಅಂಟು ಹೆಚ್ಚಾದರೆ ಬಿಲ್ಲೆ ಬಿಗಿಯಾಗುತ್ತದೆ. ಬಿಲ್ಲೆಯ ಸ್ವಂತ ಅನುರಣನ ಕೆಲವು ಕಿಲೋಹರ್ಟ್ಸ್‌ನಲ್ಲಿರುವುದರಿಂದ 1 ಕಿಲೋಹರ್ಟ್ಸ್‌ನಲ್ಲಿ ಅಲುಗಿಸಿ. ಫೋಟೊಡಯೋಡನ್ನು ಬ್ಯಾಟರಿಗೆ ಹಿಮ್ಮುಖವಾಗಿ ಜೋಡಿಸಿ. ರೆಸಿಸ್ಟರ್ ಮೇಲಿನ ಅತಿ ಹೆಚ್ಚಿನ ವೋಲ್ಟೇಜ್ 4.5 ದಾಟದಂತೆ ಬೆಳಕನ್ನು ತಗ್ಗಿಸಿ. ಬರಿಗಣ್ಣಿನಿಂದ ಕಿರಣದ ಎದುರು ನೋಡುವುದು ಬೇಡ; ಕಿರಣದ ಎತ್ತರ ಕೂತವರ ಕಣ್ಣಿನ ಮಟ್ಟಕ್ಕೆ ಬರದಂತೆ ಮೇಜು ಹೊಂದಿಸಿ.

ಈಗ ಆಸಿಲೊಸ್ಕೋಪಿನ ತೆರೆಯ ಮೇಲೆ ನೋಡಿ. ಫೋಟೊಡಯೋಡ್ ಪಟ್ಟೆಯ ಬೆಳಕು-ಕತ್ತಲೆಯ ನಡುಮಧ್ಯೆ ನಿಂತಿದ್ದರೆ 1 ಕಿಲೋಹರ್ಟ್ಸ್ ಗೆರೆ ಎತ್ತರ, 2 ಕಿಲೋಹರ್ಟ್ಸ್ ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ. ಇಂಟರ್‌ಫೆರೊಮೀಟರಿನ ಒಂದು ಕೈ (ಬೀಮ್‌ಸ್ಪ್ಲಿಟರಿನಿಂದ ಕನ್ನಡಿವರೆಗಿನ ದಾರಿ) ಹತ್ತಿರ ಅಂಗೈ ಹಿಡಿದು ಗಾಳಿಯನ್ನು ಕೊಂಚ ಬೆಚ್ಚಗಾಗಿಸಿ: ಪಟ್ಟೆ ಮೆಲ್ಲಗೆ ಜಾರುತ್ತದೆ, 1 ಕಿಲೋಹರ್ಟ್ಸ್ ಕುಗ್ಗುತ್ತ ಬರುತ್ತದೆ, 2 ಕಿಲೋಹರ್ಟ್ಸ್ ಮೇಲೇಳುತ್ತದೆ. ಪಟ್ಟೆ ಪೂರ್ತಿ ಬೆಳಗಿದ ಕ್ಷಣ ಮೊದಲನೆಯದು ಮಾಯ, ಎರಡನೆಯದೇ ದೊರೆ. ಕನ್ನಡಿ ಮಾಡುತ್ತಿರುವುದು ಅದೇ ಸೈನ್ ಅಲುಗಾಟ. ಬದಲಾದದ್ದು ಅದನ್ನು ಓದುವ ವಕ್ರರೇಖೆಯ ಇಳಿಜಾರು. ತುದಿಯಲ್ಲಿ ಇಳಿಜಾರಿಲ್ಲ, ಬಾಗು ಮಾತ್ರ ಇದೆ. ಆ ಬಾಗೇ ಎರಡರಷ್ಟು ಆವೃತ್ತಿಯನ್ನು ಕೊಡುವುದು.

ಅಳತೆಯೂ ಸಿಗುತ್ತದೆ. ಕನ್ನಡಿಯ ಅಲುಗಾಟದ ವೈಶಾಲ್ಯವನ್ನು 4 ಪೈನಿಂದ ಗುಣಿಸಿ ತರಂಗಾಂತರದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಬೀಟಾ ಎನ್ನೋಣ. ಒಂದನೇ ಗೆರೆ ಬೆಸೆಲ್ ಫಲನ ಜೆ-1ರಂತೆ, ಎರಡನೆಯದು ಜೆ-2ರಂತೆ ಬೆಳೆಯುತ್ತದೆ. 10 ನ್ಯಾನೊಮೀಟರ್ ಅಲುಗಾಟಕ್ಕೆ ಬೀಟಾ ಸುಮಾರು 0.2, ಆಗ ಎರಡನೇ ಗೆರೆ ಒಂದನೆಯದರ 5 ಶೇಕಡ, ಅಂದರೆ 26 ಡೆಸಿಬೆಲ್ ಕೆಳಗೆ. ವೋಲ್ಟೇಜ್ ಏರಿಸುತ್ತ ಹೋದರೆ ಸುಮಾರು 93 ನ್ಯಾನೊಮೀಟರಿನಲ್ಲಿ ಒಂದನೇ ಗೆರೆ ಶಿಖರ ಮುಟ್ಟಿ ಇಳಿಯತೊಡಗುತ್ತದೆ, 193ರಲ್ಲಿ ಸೊನ್ನೆಯಾಗುತ್ತದೆ. ಹೆಚ್ಚು ಅಲುಗಿಸಿದರೆ ಕಡಿಮೆ ಸಿಗ್ನಲ್! ಆ ಸೊನ್ನೆಯ ಬಿಂದುವೇ ನಿಮ್ಮ ಪಿಯೆಜೊದ ಪಕ್ಕಾ ಅಳತೆಗೋಲು. ಬೇರೆ ಕ್ಯಾಲಿಬ್ರೇಷನ್ ಬೇಕಿಲ್ಲ.

ಪಟ್ಟೆಗಳು ನಿಲ್ಲೋದೇ ಇಲ್ಲ, ಓಡ್ತಾನೇ ಇರ್ತವೆ. ಏನು ಮಾಡೋದು?

ಮೊದಲು ಎರಡು ಕೈಗಳ ಉದ್ದವನ್ನು ಮಿಲಿಮೀಟರ್ ಮಟ್ಟಿಗೆ ಸಮ ಮಾಡಿ. ಒಂದು ಕೈ ಇನ್ನೊಂದಕ್ಕಿಂತ 10 ಸೆಂಟಿಮೀಟರ್ ಉದ್ದವಿದ್ದು ತಳ ಅಲ್ಯುಮಿನಿಯಂ ಆಗಿದ್ದರೆ, ಒಂದೇ ಡಿಗ್ರಿ ಏರಿಕೆಗೆ 2.3 ಮೈಕ್ರೊಮೀಟರ್ ವ್ಯತ್ಯಾಸ ಬಂದು ಏಳಕ್ಕೂ ಹೆಚ್ಚು ಪಟ್ಟೆ ಓಡುತ್ತವೆ. ಗ್ರಾನೈಟ್ ಅದರ ಮೂರನೇ ಒಂದು ಭಾಗದಷ್ಟು ಮಾತ್ರ ಹಿಗ್ಗುತ್ತದೆ. ಸೀಲಿಂಗ್ ಫ್ಯಾನ್ ಆರಿಸಿ, ಇಡೀ ಜೋಡಣೆಯ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿ. ಲೇಸರ್ ಹಚ್ಚಿ ಅರ್ಧ ಗಂಟೆ ಕಾಯಿರಿ. ಹೆದ್ದಾರಿ 48ರ ಅಥವಾ ರೈಲು ಹಳಿಯ ಪಕ್ಕದ ಕಾಲೇಜಾದರೆ ನೆಲದ ಅದುರು ಹತ್ತಾರು ಹರ್ಟ್ಸ್‌ನಲ್ಲಿ ಬರುತ್ತದೆ. ಟ್ಯೂಬಿನ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಚಪ್ಪಡಿ ನೆಲ ಮುಟ್ಟದಿದ್ದರೆ ಸರಿ.

ಅಧ್ಯಾಪಕರಿಗೆ ಒಂದು ಮಾತು: ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ತರಬೇತಿ ನಡೆಯುತ್ತದೆ. ಆಪ್ಟಿಕ್ಸ್ ಹೊಂದಾಣಿಕೆ ಕೈಗೆ ಹತ್ತುವ ವಿದ್ಯೆ; ಓದಿ ಬರುವುದಿಲ್ಲ.

ಎರಡರಷ್ಟು ಆವೃತ್ತಿಯ ಗೆರೆ ಬಂತು. ಇದು ಬೆಳಕಿಂದಲೇ ಬಂದಿದ್ದು ಅಂತ ಹೇಗೆ ಹೇಳೋದು?

ಮೂರು ಪರೀಕ್ಷೆ ಮಾಡಿ, ಇದೇ ಕ್ರಮದಲ್ಲಿ.

ಡಿಟೆಕ್ಟರಿನ ಮುಂದೆ ಬೆಳಕನ್ನು ಅರ್ಧಕ್ಕೆ ಇಳಿಸುವ ಫಿಲ್ಟರ್ ಇಡಿ. ಗೆರೆ ಬೆಳಕಿನಲ್ಲೇ ಇದ್ದರೆ ಒಂದನೆಯದೂ ಎರಡನೆಯದೂ ಒಂದೇ ಅನುಪಾತದಲ್ಲಿ ಇಳಿಯುತ್ತವೆ. ಎರಡನೆಯದು ಹೆಚ್ಚು ಕುಸಿದರೆ ಡಿಟೆಕ್ಟರ್ ತುಂಬಿ ತುಳುಕುತ್ತಿತ್ತು ಎಂದರ್ಥ. ಆಮೇಲೆ ಅಲುಗಾಟವನ್ನು 10 ಡೆಸಿಬೆಲ್ ತಗ್ಗಿಸಿ: ಸಣ್ಣ ಅಲುಗಾಟದಲ್ಲಿ ನಿಜವಾದ ಎರಡನೇ ದರ್ಜೆಯ ಗೆರೆ 20 ಡೆಸಿಬೆಲ್ ಇಳಿಯಬೇಕು. ಬರೀ 10 ಇಳಿದರೆ ನಿಮ್ಮ ಸಿಗ್ನಲ್ ಜನರೇಟರೇ 2 ಕಿಲೋಹರ್ಟ್ಸ್ ಕಕ್ಕುತ್ತಿರಬಹುದು, ಅಥವಾ ಬೇರೊಂದು ಕಂಪನ ಅಲ್ಲೇ ಕೂತಿರಬಹುದು. ಕೊನೆಗೆ ಪಟ್ಟೆ ಜಾರಿದಾಗ ಎರಡು ಗೆರೆಗಳು ಸರದಿಯಂತೆ ಏರಿಳಿಯುತ್ತವೆಯೇ ನೋಡಿ.

ಮೂರನ್ನೂ ದಾಟಿದರೂ ಇದು ಕ್ವಾಂಟಂ ಅಲ್ಲ. ಅಪ್ಪಟ ಶಾಸ್ತ್ರೀಯ ಭೌತಶಾಸ್ತ್ರ. ಆದರೂ ದೊಡ್ಡ ಸಂಶೋಧನಾ ಲ್ಯಾಬಿನಲ್ಲಿ ಕ್ವಾಂಟಂ ಎಂದು ಸಾರುವ ಮುನ್ನ ಮಾಡಬೇಕಾದ ಪರೀಕ್ಷೆಗಳೂ ಇವೇ.

## ಸಂಖ್ಯೆಗಳ ಹತ್ತಿರ

ಜಿ-ಸೊನ್ನೆ, ಕಪ್ಪಾ, ಒಮೆಗಾ ಅಂತ ಬರೀತಾರೆ. ನಿಜವಾದ ಉಪಕರಣದಲ್ಲಿ ಎಷ್ಟಿರುತ್ತೆ?

ಒಮೆಗಾ ಕಂಪನದ ಆವೃತ್ತಿ. ಕಪ್ಪಾ ಬೆಳಕು ಕ್ಯಾವಿಟಿಯಿಂದ ಸೋರುವ ದರ. ಗಾಮಾ ಕಂಪನ ಸಾಯುವ ದರ. ಜಿ-ಸೊನ್ನೆ ಎಂದರೆ ವಸ್ತು ತನ್ನ ಕ್ವಾಂಟಂ ಅಲುಗಾಟದಷ್ಟು (ಪೂರ್ತಿ ತಣಿದರೂ ಉಳಿಯುವ ಅಲುಗಾಟ) ಸರಿದರೆ ಕ್ಯಾವಿಟಿಯ ಆವೃತ್ತಿ ಎಷ್ಟು ಸರಿಯುತ್ತದೆ ಎಂಬುದು. ಎಲ್ಲವನ್ನೂ ಹರ್ಟ್ಸ್‌ನಲ್ಲಿ ಕೊಡುತ್ತೇವೆ. 2 ಪೈ ಸೇರಿಸಿ-ಬಿಟ್ಟು ಗೊಂದಲವಾಗಿ ಆರು ಪಟ್ಟು ತಪ್ಪಿದ ಲೆಕ್ಕಗಳೇ ಹೆಚ್ಚು.

2011ರಲ್ಲಿ ನೆಲಮಟ್ಟದ, ಅಂದರೆ ಕಂಪನದ ಕನಿಷ್ಠ ಶಕ್ತಿಯ ಸ್ಥಿತಿಯ, ಹತ್ತಿರಕ್ಕೆ ತಣಿಸಿದ ಎರಡು ಉಪಕರಣಗಳನ್ನು ನೋಡಿ. ಅಮೆರಿಕದ ಬೋಲ್ಡರ್‌ನಲ್ಲಿ ಮಾಡಿದ ಅಲ್ಯುಮಿನಿಯಂ ತಮಟೆ: ತೂಕ 48 ಪಿಕೊಗ್ರಾಂ, ಒಮೆಗಾ 10.56 ಮೆಗಾಹರ್ಟ್ಸ್, ಕಪ್ಪಾ 200 ಕಿಲೋಹರ್ಟ್ಸ್, ಜಿ-ಸೊನ್ನೆ ಸುಮಾರು 200 ಹರ್ಟ್ಸ್. ಅದರ ಕ್ವಾಂಟಂ ಅಲುಗಾಟ ಸುಮಾರು 4 ಫೆಮ್ಟೊಮೀಟರ್, ಪರಮಾಣು ಬೀಜದ ಗಾತ್ರದಷ್ಟು. ಕ್ಯಾಲ್‌ಟೆಕ್‌ನ ಸಿಲಿಕಾನ್ ನ್ಯಾನೊತೊಲೆ: ಒಮೆಗಾ 3.68 ಗಿಗಾಹರ್ಟ್ಸ್, ಕಪ್ಪಾ 500 ಮೆಗಾಹರ್ಟ್ಸ್, ಜಿ-ಸೊನ್ನೆ 910 ಕಿಲೋಹರ್ಟ್ಸ್. ಎರಡರಲ್ಲೂ ಜಿ-ಸೊನ್ನೆಯು ಕಪ್ಪಾದ ಸಾವಿರದಲ್ಲೊಂದು ಎರಡು ಪಾಲಷ್ಟೇ. ಈ ಒಂದು ಅನುಪಾತವೇ ಕ್ಷೇತ್ರದ ದೊಡ್ಡ ತಲೆನೋವು.

ಯಾಕೆ ಅಷ್ಟು ತಣ್ಣಗೆ ಬೇಕು? ದಾವಣಗೆರೆ ಬೇಸಿಗೇಲಿ ಆಗಲ್ವಾ?

ಬೇಸಿಗೆ ಅಡ್ಡಿಯಲ್ಲ. 38 ಡಿಗ್ರಿಯೂ 27 ಡಿಗ್ರಿಯೂ ಕೆಲ್ವಿನ್ ಲೆಕ್ಕದಲ್ಲಿ 4 ಶೇಕಡಕ್ಕಿಂತ ಕಡಿಮೆ ಅಂತರ. ಅಡ್ಡಿ ಬಂದಿರುವುದು 300 ಕೆಲ್ವಿನ್ ಎಂಬುದರಿಂದಲೇ. ಆ ತಾಪದಲ್ಲಿ 10 ಮೆಗಾಹರ್ಟ್ಸ್ ಕಂಪನದಲ್ಲಿ 6 ಲಕ್ಷಕ್ಕೂ ಹೆಚ್ಚು ಫೋನಾನ್, 3.68 ಗಿಗಾಹರ್ಟ್ಸ್‌ನಲ್ಲಿ ಸುಮಾರು 1,700. 20 ಮಿಲಿಕೆಲ್ವಿನ್‌ಗೆ ಇಳಿಸಿದರೆ ಗಿಗಾಹರ್ಟ್ಸ್ ಕಂಪನ ತಾನಾಗಿಯೇ ನಿಶ್ಚಲ. 10 ಮೆಗಾಹರ್ಟ್ಸ್‌ನದರಲ್ಲಿ ಆಗಲೂ ನಲವತ್ತಕ್ಕೂ ಹೆಚ್ಚು ಫೋನಾನ್ ಉಳಿದು, ಅದನ್ನು ಲೇಸರ್ ಅಥವಾ ಮೈಕ್ರೊವೇವ್‌ನಿಂದ ಇನ್ನೂ ತಣಿಸಬೇಕು.

ಹಾಗೆಂದು ಕೋಣೆ ತಾಪದಲ್ಲಿ ಅರೇಖೀಯ ಚದುರುವಿಕೆ ಕಾಣುವುದಿಲ್ಲ ಎಂದಲ್ಲ. ಬಿಸಿಯ ಅಲುಗಾಟದಿಂದ ಕ್ಯಾವಿಟಿ ಆವೃತ್ತಿ ಎಷ್ಟು ತೂಗಾಡುತ್ತದೆ ಎಂಬುದಕ್ಕೆ ಜಿ-ಸೊನ್ನೆಯನ್ನು 2 ಎನ್‌ನ ವರ್ಗಮೂಲದಿಂದ ಗುಣಿಸಿ. ಮೇಲಿನ ನ್ಯಾನೊತೊಲೆ 300 ಕೆಲ್ವಿನ್‌ನಲ್ಲಿದ್ದರೆ ಅದು 53 ಮೆಗಾಹರ್ಟ್ಸ್ ಬರುತ್ತದೆ. ಇದನ್ನು ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿ ಎಡವುತ್ತಾರೆ. ಕಪ್ಪಾ ಒಮೆಗಾಗಿಂತ ದೊಡ್ಡದಿದ್ದರೆ ಕಪ್ಪಾಗೆ. ಒಮೆಗಾ ದೊಡ್ಡದಿದ್ದರೆ ಒಮೆಗಾಗೆ. ಇಲ್ಲಿ ಒಮೆಗಾ ದೊಡ್ಡದು, ಅನುಪಾತ ಎಪ್ಪತ್ತರಲ್ಲಿ ಒಂದು. ಸೈಡ್‌ಬ್ಯಾಂಡ್ ಮಂಕು, ಆದರೆ ಇದೆ.

ಲೇಸರ್ ಬಿಸಿ ಮಾಡ್ಬೇಕಲ್ವಾ, ತಣಿಸೋದು ಹೇಗೆ?

ಲೇಸರನ್ನು ಕ್ಯಾವಿಟಿಯ ಆವೃತ್ತಿಗಿಂತ ಸರಿಯಾಗಿ ಒಮೆಗಾದಷ್ಟು ಕೆಳಗೆ ಇಡಿ. ಫೋಟಾನ್ ಒಳಗೆ ಬರಬೇಕಾದರೆ ಫೋನಾನ್ ಕಿತ್ತುಕೊಂಡೇ ಬರಬೇಕು. ಕಪ್ಪಾವನ್ನು 4 ಒಮೆಗಾದಿಂದ ಭಾಗಿಸಿ ವರ್ಗ ಮಾಡಿದರೆ ಇಳಿಯಬಹುದಾದ ಕನಿಷ್ಠ ಫೋನಾನ್ ಸಂಖ್ಯೆ. ನ್ಯಾನೊತೊಲೆಗೆ ಸುಮಾರು 0.001. ವಾಸ್ತವದಲ್ಲಿ ಮುಟ್ಟಿದ್ದು 0.85, ಏಕೆಂದರೆ ಸಿಲಿಕಾನ್ ಹೀರಿಕೊಂಡ ಬೆಳಕು ತೊಲೆಯನ್ನೇ ಕಾಯಿಸುತ್ತದೆ. ಲೇಸರನ್ನು ಮೇಲೆ ಇಟ್ಟರೆ ತಿರುಗುಮುರುಗು: ಕಂಪನ ಬೆಳೆಯುತ್ತ ಹೋಗಿ, ಒಂದು ಹೊಸ್ತಿಲು ದಾಟಿದ ಮೇಲೆ ತಾನೇ ಮೊಳಗತೊಡಗುತ್ತದೆ. ಅದೇ ಫೋನಾನ್ ಲೇಸರ್. ಬೆಳವಣಿಗೆಯನ್ನು ಕೊನೆಗೆ ತಡೆಯುವುದೂ ಮತ್ತದೇ ಅರೇಖೀಯ ಗುಣ.

## ಆಳಕ್ಕೆ

ಒಂದು ಫೋಟಾನ್ ಇದ್ರೆ ಇನ್ನೊಂದಕ್ಕೆ ಬಾಗಿಲು ಹಾಕುತ್ತೆ ಅಂತಾರಲ್ಲ, ಅದು ಯಾವಾಗ?

ಅದು ಫೋಟಾನ್ ತಡೆ. 2011ರಲ್ಲಿ ಸಿದ್ಧಾಂತ ಬಂತು. ಒಂದು ಫೋಟಾನ್ ಕನ್ನಡಿಯನ್ನು ತಳ್ಳಿ ತನ್ನ ಶಕ್ತಿಯನ್ನು "ಜಿ-ಸೊನ್ನೆಯ ವರ್ಗ ಭಾಗಿಸು ಒಮೆಗಾ" ದಷ್ಟು ಇಳಿಸಿಕೊಳ್ಳುತ್ತದೆ. ಎರಡು ಫೋಟಾನ್ ಎರಡರಷ್ಟಲ್ಲ, ನಾಲ್ಕರಷ್ಟು ಇಳಿಸುತ್ತವೆ. ಆದ್ದರಿಂದ ಒಂದಕ್ಕೆ ಹೊಂದಿಸಿದ ಲೇಸರ್ ಎರಡನೆಯದಕ್ಕೆ ಹೊಂದುವುದಿಲ್ಲ. ಈ ಇಳಿಕೆ ಕಪ್ಪಾಗಿಂತ ದೊಡ್ಡದಿರಬೇಕು, ಒಮೆಗಾವೂ ಕಪ್ಪಾಗಿಂತ ದೊಡ್ಡದಿರಬೇಕು. ನ್ಯಾನೊತೊಲೆಯಲ್ಲಿ ಇಳಿಕೆ ಬರೀ 225 ಹರ್ಟ್ಸ್, ಕಪ್ಪಾ 500 ಮೆಗಾಹರ್ಟ್ಸ್. ಇಪ್ಪತ್ತು ಲಕ್ಷ ಪಟ್ಟಿಗೂ ಹೆಚ್ಚು ಕೊರತೆ.

ಉಪಕರಣ ಇಲ್ಲ, ಲ್ಯಾಪ್‌ಟಾಪ್ ಇದೆ. ಪ್ರಾಜೆಕ್ಟಿಗೆ ಇದನ್ನ ಸಿಮ್ಯುಲೇಟ್ ಮಾಡಬಹುದಾ?

ಧಾರಾಳವಾಗಿ. ಪೈಥಾನ್‌ನ ಕ್ಯುಟಿಪ್ ಲೈಬ್ರರಿ ಉಚಿತ. ಒಮೆಗಾವನ್ನು 1 ಎಂದು ಇಟ್ಟು, ಕಪ್ಪಾ 0.1, ಗಾಮಾ 0.001, ಜಿ-ಸೊನ್ನೆ 0.5, ಲೇಸರ್ ಬಲ 0.01, ಬಿಸಿಯ ಫೋನಾನ್ 0. ಲೇಸರನ್ನು ಕ್ಯಾವಿಟಿಯ ಆವೃತ್ತಿಗಿಂತ 0.25 ಕೆಳಗೆ ಇಡಿ. ಅದೇ ಒಂದು ಫೋಟಾನಿನ ಇಳಿಕೆ. ಫೋಟಾನಿಗೆ 5 ಮಟ್ಟ, ಫೋನಾನಿಗೆ 30 ಮಟ್ಟ ಸಾಕು. ಸ್ಥಿರ ಸ್ಥಿತಿ ಹುಡುಕಿ, ಫೋಟಾನುಗಳ ಜಿ-2 (ಎರಡು ಫೋಟಾನ್ ಜೊತೆಯಾಗಿ ಸಿಗುವ ಸಾಧ್ಯತೆಯ ಅಳತೆ) ಸೊನ್ನೆ ಸಮಯದಲ್ಲಿ ಎಷ್ಟು ಎಂದು ನೋಡಿ. ಒಂದಕ್ಕಿಂತ ಬಹಳ ಕೆಳಗೆ ಬಂದರೆ ತಡೆ ಇದೆ.

ಈಗ ಜಿ-ಸೊನ್ನೆಯನ್ನು 0.707ಕ್ಕೆ ಏರಿಸಿ, ಲೇಸರನ್ನೂ ಕ್ಯಾವಿಟಿಯ ಆವೃತ್ತಿಗಿಂತ 0.5 ಕೆಳಗೆ ಇಡಿ. ಬಲ ಹೆಚ್ಚಾಯಿತು, ತಡೆ ಇನ್ನೂ ಗಟ್ಟಿಯಾಗಬೇಕಲ್ಲ? ಬದಲಿಗೆ ಹಾಳಾಗುತ್ತದೆ. ಎರಡನೇ ಫೋಟಾನಿಗೆ ಹೆಚ್ಚಾದ ಶಕ್ತಿ ಈಗ ಸರಿಯಾಗಿ ಒಂದು ಒಮೆಗಾ. ಅದು ಒಂದು ಫೋನಾನನ್ನು ಬಿಟ್ಟು ಸಲೀಸಾಗಿ ಒಳಗೆ ಬರುತ್ತದೆ. ವಿದ್ಯಾರ್ಥಿ ಇದನ್ನು ತಾನೇ ಕಂಡುಕೊಂಡರೆ ಪ್ರಾಜೆಕ್ಟ್ ಸಾರ್ಥಕ.

ತಪ್ಪುವುದು ಎರಡು ಕಡೆ. ಫೋನಾನ್ ಮಟ್ಟ ಕಡಿಮೆ ಇಟ್ಟರೆ ಉತ್ತರ ಸುಳ್ಳಾಗುತ್ತದೆ. ಕಟ್ಟಕಡೆಯ ಮಟ್ಟದ ಸಂಭಾವ್ಯತೆ ಲಕ್ಷದಲ್ಲೊಂದಕ್ಕಿಂತ ಕಡಿಮೆ ಇದೆಯೇ ಎಂದು ಪ್ರತಿ ಸಲ ನೋಡಿ. ಇನ್ನೊಂದು ಮೆಮೊರಿ. 5 ಗುಣಿಸು 30 ಎಂದರೆ 150 ಸ್ಥಿತಿ, ಆದರೆ ಡೆನ್ಸಿಟಿ ಮ್ಯಾಟ್ರಿಕ್ಸಿಗೆ 22,500 ಅಂಶ, ಅದನ್ನು ನಡೆಸುವ ಮ್ಯಾಟ್ರಿಕ್ಸಿಗೆ ಅದರ ವರ್ಗ. ನೇರ ಪರಿಹಾರ ಲ್ಯಾಪ್‌ಟಾಪನ್ನು ನಿಲ್ಲಿಸಿದರೆ ಪುನರಾವರ್ತಕ ವಿಧಾನಕ್ಕೆ, ಇಲ್ಲವೇ ಮಾಂಟೆ ಕಾರ್ಲೊಗೆ ಹೋಗಿ.

ಪಂಚಮಿ ಜೋಕಾಲಿ ಥರ ಎರಡರಷ್ಟು ವೇಗದಲ್ಲಿ ಮೀಟೋದು ಇಲ್ಲೂ ಇದೆಯಾ?

ಇದೆ. ನಿಂತು ಜೀಕುವವರು ಒಂದು ತೂಗಾಟಕ್ಕೆ ಎರಡು ಸಲ ಕೂತು ಏಳುತ್ತಾರೆ. ಜೋಕಾಲಿಗೆ ಶಕ್ತಿ ಸಿಗುವುದು ಎರಡರಷ್ಟು ಆವೃತ್ತಿಯಲ್ಲಿ. ಕ್ಯಾವಿಟಿಯ ನಡುವೆ ತೆಳು ಪೊರೆ ತೂಗುಹಾಕುವ ವಿಧಾನ 2008ರಲ್ಲಿ ಯೇಲ್‌ನಿಂದ ಬಂತು: 1 ಮಿಲಿಮೀಟರ್ ಚದರ, 50 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್. ಬೆಳಕಿನ ಅಲೆಯ ಗಂಟಿನಲ್ಲಿ ಅಥವಾ ಉಬ್ಬಿನಲ್ಲಿ ಪೊರೆಯನ್ನು ಕೂರಿಸಿದರೆ ಕ್ಯಾವಿಟಿಯ ಆವೃತ್ತಿ ಸ್ಥಾನಕ್ಕಲ್ಲ, ಸ್ಥಾನದ ವರ್ಗಕ್ಕೆ ಸ್ಪಂದಿಸುತ್ತದೆ. ಫೋನಾನುಗಳು ಜೋಡಿಯಾಗಿ ಬಂದುಹೋಗುತ್ತವೆ. ಪೊರೆ ಆ ಬಿಂದುವಿನಿಂದ ಚೂರು ಸರಿದರೂ ರೇಖೀಯ ಜೋಡಣೆ ನುಗ್ಗಿ ಎಲ್ಲವನ್ನೂ ಮುಚ್ಚುತ್ತದೆ.

ಲ್ಯಾಬಿನಲ್ಲಿ ಉಪಯೋಗಕ್ಕೆ ಬರುವ ಗುರುತು: ಬಿಸಿಯಿಂದ ತಾನಾಗಿ ಅಲುಗುವ ವಸ್ತುವಿನ ಎರಡು-ಫೋನಾನ್ ಗೆರೆಯ ಅಗಲ ಗಾಮಾ ಅಲ್ಲ, 2 ಗಾಮಾ. ಅಗಲ ಗಾಮಾ ಆಗಿಯೇ ಇದ್ದರೆ ಅದು ಬೇರೊಂದು ಕಂಪನದ ಸ್ವಂತ ಗೆರೆ ಎಂದು ಅನುಮಾನಿಸಿ.

ಜಿ-ಸೊನ್ನೆ ಚಿಕ್ಕದಿದ್ರೂ ಜೋರು ಲೇಸರ್ ಹಾಕಿ ಅರೇಖೀಯ ಗುರುತನ್ನ ಎಳೆದು ತರಬಹುದಾ?

2013ರಲ್ಲಿ ಒಂದಕ್ಕಿಂತ ಹೆಚ್ಚು ಗುಂಪುಗಳು ಈ ದಾರಿ ತೋರಿಸಿದವು. ಜೋರು ಲೇಸರಿನಲ್ಲಿ ಬೆಳಕು ಮತ್ತು ಕಂಪನ ಬೆರೆತು ಎರಡು ಹೊಸ ಮೋಡ್ ಆಗುತ್ತವೆ. ಮೇಲಿನದರ ಆವೃತ್ತಿ ಕೆಳಗಿನದರ ಸರಿಯಾಗಿ ಎರಡರಷ್ಟಾದರೆ, ಕೈಬಿಟ್ಟಿದ್ದ ಮೂರನೇ ಘಾತದ ಪದ ಅನುರಣನಕ್ಕೆ ಬಂದು ಒಂದು ಮೇಲಿನ ಕಂತು ಎರಡು ಕೆಳಗಿನ ಕಂತಾಗಿ ಒಡೆಯುತ್ತದೆ. ಲೇಸರ್ ಒಮೆಗಾದಷ್ಟು ಕೆಳಗಿದ್ದರೆ ಇದಕ್ಕೆ ಬೇಕಾದ ಜೋಡಣೆಯ ಬಲ ಒಮೆಗಾದ 0.3, 0.5 ಮುಟ್ಟಿದರೆ ವ್ಯವಸ್ಥೆಯೇ ಅಸ್ಥಿರ, ಹಾಗಾಗಿ ಜಾಗ ಕಿರಿದು. ನ್ಯಾನೊತೊಲೆಯಲ್ಲಿ ಆ ಬಲಕ್ಕೆ ಸುಮಾರು 15 ಲಕ್ಷ ಫೋಟಾನ್ ಒಳಗಿರಬೇಕು. ಅಷ್ಟು ಬೆಳಕಿಗೆ ತೊಲೆ ಕಾದು ಕಂಪನದ ನಿಶ್ಚಲತೆ ಹೋಗುತ್ತದೆ. ಕಾಗದದ ಮೇಲೆ ಸುಂದರ, ಚಿಪ್ ಮೇಲೆ ಕಷ್ಟ.

ಹಾಗಾದ್ರೆ ಇವತ್ತು ಪ್ರಯೋಗದಲ್ಲಿ ಕ್ವಾಂಟಂ ಗುರುತು ತೋರಿಸೋರು ಏನು ಮಾಡ್ತಾರೆ?

ಅರೇಖೀಯ ಗುಣವನ್ನು ಉಪಕರಣದಿಂದಲ್ಲ, ಎಣಿಕೆಯಿಂದ ತರುತ್ತಾರೆ. ಕ್ಯಾವಿಟಿಯ ಮೇಲ್ಬದಿಯ ಲೇಸರಿನಿಂದ ಬಹಳ ಮಂದ ಪಲ್ಸ್ ಕಳಿಸುತ್ತಾರೆ. ಒಂದೇ ಒಂದು ಚದುರಿದ ಫೋಟಾನ್ ಡಿಟೆಕ್ಟರಿಗೆ ಬಿದ್ದರೆ, ಕಂಪನದಲ್ಲಿ ಒಂದು ಫೋನಾನ್ ಹುಟ್ಟಿತೆಂದು ಖಾತ್ರಿ. ಆಮೇಲೆ ಕೆಳಬದಿಯ ಪಲ್ಸ್ ಕಳಿಸಿ ಅದನ್ನು ಓದುತ್ತಾರೆ. 2018ರಲ್ಲಿ 20 ಸೆಂಟಿಮೀಟರ್ ದೂರದ ಎರಡು ಚಿಪ್‌ಗಳ, 5 ಗಿಗಾಹರ್ಟ್ಸ್ ಆಸುಪಾಸಿನ ಎರಡು ತೊಲೆಗಳನ್ನು ಹೀಗೆಯೇ ಎಂಟ್ಯಾಂಗಲ್ ಮಾಡಿದರು, ಅಂದರೆ ಒಂದರ ಕ್ವಾಂಟಂ ಸ್ಥಿತಿಯನ್ನು ಇನ್ನೊಂದನ್ನು ಬಿಟ್ಟು ಹೇಳಲಾಗದಂತೆ ಹೆಣೆದರು. ಎಣಿಕೆಗೆ ಸಿಕ್ಕ ಫೋಟಾನ್ ಯಾವ ತೊಲೆಯಿಂದ ಬಂತೆಂದು ಯಾರಿಗೂ ತಿಳಿಯದಂತೆ ಎರಡರ ಬೆಳಕನ್ನೂ ಬೆರೆಸಿದ್ದರು.

ಇಲ್ಲಿ ಪ್ರಯೋಗ ಕೆಡುವುದು ಫಿಲ್ಟರಿನಲ್ಲಿ. 1550 ನ್ಯಾನೊಮೀಟರಿನ 1 ಮೈಕ್ರೊವ್ಯಾಟ್ ಎಂದರೆ ಸೆಕೆಂಡಿಗೆ ಸುಮಾರು 7.8 ಲಕ್ಷ ಕೋಟಿ ಫೋಟಾನ್. ಅದನ್ನು 120 ಡೆಸಿಬೆಲ್ ತಗ್ಗಿಸಿದರೂ ಸೆಕೆಂಡಿಗೆ ಎಂಟು ಲೇಸರ್ ಫೋಟಾನ್ ನುಸುಳಿ ಬರುತ್ತವೆ. ಬೇಕಾದ ಫೋಟಾನ್ ಇರುವುದು ಬರೀ 5 ಗಿಗಾಹರ್ಟ್ಸ್ ಪಕ್ಕದಲ್ಲಿ. ಅದಕ್ಕೇ ಎರಡು ಫ್ಯಾಬ್ರಿ-ಪೆರೊ ಫಿಲ್ಟರುಗಳನ್ನು ಒಂದರ ಹಿಂದೊಂದು ಇಟ್ಟು, ಅಳತೆಯ ನಡುನಡುವೆ ನಿಲ್ಲಿಸಿ ಅವನ್ನು ಲೇಸರಿಗೆ ಮತ್ತೆ ಹೊಂದಿಸುತ್ತಾರೆ. ಹೊಂದಾಣಿಕೆ ಜಾರಿದ ಹೊತ್ತಿನ ಎಣಿಕೆಯನ್ನೆಲ್ಲ ಬಿಸಾಡುತ್ತಾರೆ.